ಬಾಗಿಲಲ್ಲಿ ಎರಡು ದಾರ

ಮೂವತ್ತು ಅಡಿ ನೀರೆಂದರೆ ಮುಳುಗುಗಾರರಿಗೆ ಮನೆಯಂಗಳವಿದ್ದಂತೆ. ಆ ಸಸಾರವೇ ನೋಡಿ ಕುತ್ತಿಗೆಗೆ ಬರುವುದು.

ಅಷ್ಟು ಆಳದಲ್ಲಿ ಮುಳುಗಿ ಕೂತಿದ್ದ ಹಳೆಯ ಉಗಿಹಡಗಿನ ಎಂಜಿನ್ ಕೋಣೆಯನ್ನು ಅಳೆದುಕೊಡುವ ಕೆಲಸ ಗಂಡ ಹೆಂಡತಿ ಇಬ್ಬರದು. ಇವತ್ತು ಗಂಡನಿಗೆ ಕಿವಿನೋವು; ಹೆಂಡತಿ ಒಬ್ಬಳೇ ಇಳಿದಿದ್ದಳು. ದೋಣಿಯಲ್ಲಿ ಅವನೂ ಅವಳ ಅಪ್ಪನೂ ಕಾಯುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಬರಬೇಕಾದವಳು ಮೂವತ್ತಾದರೂ ಬಂದಿರಲಿಲ್ಲ. ಬೆನ್ನ ಮೇಲಿನ ಸಿಲಿಂಡರಿನ ಗಾಳಿ ನಲವತ್ತಕ್ಕೆ ಮುಗಿಯುತ್ತದೆ.

“ಚಿಕ್ಕಂದಿನಿಂದ್ಲೂ ಹಾಗೇ ಅವಳು. ಬಾ ಅಂದ್ರೆ ಬರೋಳಲ್ಲ,” ಎಂದರು ಮಾವ. ನಗಿಸಲು ನೋಡಿದರು, ಪಾಪ.

ಆಗ ಅಳಿಯನಿಗೆ ನೆನಪಾಯಿತು. ಹೋದ ವಾರದ ದಾರ.

ಮುಳುಗಿದ ಹಡಗಿನೊಳಗೆ ಹೋಗುವವರು ಬಾಗಿಲಿಗೆ ದಾರ ಕಟ್ಟಿ, ಬಿಚ್ಚುತ್ತಾ ಹೋಗುತ್ತಾರೆ. ಹೂಳೆದ್ದು ಕಣ್ಣು ಕಾಣದಾದರೆ ಅದನ್ನೇ ತಡವಿಕೊಂಡು ಬರಬೇಕು. ಮಾರಿಗೊಂದು ಗಂಟು, ಮುಟ್ಟಿದರೆ ಯಾರ ದಾರವೆಂದು ತಿಳಿಯುವಂತೆ ಅವರವರ ಗಂಟು ಅವರವರದು. ಹೊರಡುವಾಗ ಎಲ್ಲ ಸುತ್ತಿಕೊಂಡು ಬರುವುದು ನಿಯಮ. ಹೋದ ವಾರ ಈ ಮಹಾಶಯ, ಹೊಟ್ಟೆ ಹಸಿವೆಂದು, ಬಾಗಿಲಲ್ಲೇ ದಾರ ಕತ್ತರಿಸಿ, ಬಾಯ್ಲರಿಗೆ ಬಿಗಿದ ತುದಿಯನ್ನು ಹಾಗೇ ಬಿಟ್ಟು ಬಂದಿದ್ದ. ಹೆಂಡತಿಗೆ ಹೇಳಿರಲೂ ಇಲ್ಲ. ಹೇಳಿದ್ದರೆ ಬೈಯುತ್ತಿದ್ದಳಲ್ಲ. ಕೆಸರಿನಲ್ಲಿ ಅದೇ ಅವಳ ಕೈಗೆ ಸಿಕ್ಕಿದ್ದರೆ?

ಕಿವಿ ಹರಿದರೆ ಹರಿಯಲಿ ಎಂದು ಸಿಲಿಂಡರ್ ಬೆನ್ನಿಗೇರಿಸಿ ಧುಮುಕಿದ.

ಬಾಗಿಲೊಳಗೆ ಬರೀ ಕೆಸರು. ಅವಳ ದಾರವನ್ನು ಮೂರು ಸಲ ಜಗ್ಗಿದ. ಉತ್ತರವಿಲ್ಲ. ಹೂಳಲ್ಲಿ ತಡಕಾಡಿ ತನ್ನ ದಾರದ ಕತ್ತರಿಸಿದ ತುದಿಯನ್ನು ಹಿಡಿದು ಜಗ್ಗಿದ. ಏನಿಲ್ಲ. ಮತ್ತೆ ಜಗ್ಗಿದ. ಒಳಗಿನಿಂದ ಮೂರು ಸಲ ಎಳೆದಂತಾಯಿತು.

ನುಗ್ಗಿಬಿಡಲೇ ಎನ್ನಿಸಿತು. ಆದರೆ ಬಾಗಿಲಿಗೆ ಕಟ್ಟಲು ದಾರ ಗಿಡ್ಡ. ಬಿಟ್ಟರೆ ಅವಳಿಗೆ ದಾರಿಯಿಲ್ಲ. ಕಿವಿಯ ಉರಿಗೆ ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತ. ಅಂಥ ಭಯವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಷ್ಟೋ ಹೊತ್ತಿಗೆ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

ದೋಣಿ ಹತ್ತಿ ಅವಳು ಉಸಿರು ಸುಧಾರಿಸಿಕೊಂಡಳು.

“ಬೈದುಬಿಡು,” ಎಂದ ಗಂಡ. “ಆ ದಾರ ಹೋದ ವಾರ ನಾನೇ ಬಿಟ್ಟು ಬಂದಿದ್ದು.”

“ಹೋದ ವಾರದ್ದಾ?” ಅವಳು ಅವನ ಮುಖವನ್ನೇ ನೋಡಿದಳು. “ನನ್ನ ದಾರ ಹಿಡ್ಕೊಂಡು ವಾಪಸ್ ಬರ್ತಿದ್ದೆ. ನಿಮ್ಮ ಗಂಟು ಕೈಗೆ ಸಿಕ್ತು. ನನ್ನ ಹುಡುಕ್ಕೊಂಡು ಬಂದು ನೀವೇ ಒಳಗೆ ಸಿಕ್ಕಾಕೊಂಡಿದೀರ ಅಂದ್ಕೊಂಡೆ. ನನ್ನದನ್ನ ಬಿಟ್ಟು ನಿಮ್ಮದನ್ನ ಹಿಡ್ಕೊಂಡು ಇನ್ನೂ ಒಳಗೆ ಹೋದೆ.”