ಬಟ್ಟೆ ತುಳಿಯುವವರ ಸಾಲು

ಗೆಂಟ್ ಪಟ್ಟಣದಲ್ಲಿ ಉಣ್ಣೆ ನೇಯುವವರು ನೇಕಾರರು, ಅವರು ನೇಯ್ದದ್ದನ್ನು ಬಟ್ಟೆಯಾಗಿಸುವವರು ನಾವು. ಜೇಡಿಮಣ್ಣು, ಬಿಸಿನೀರು, ಹಳಸಿದ ಉಚ್ಚೆ ತುಂಬಿದ ತೊಟ್ಟಿಯಲ್ಲಿ ನಿಂತು ಮೂರು ದಿನ ತುಳಿದರೆ ಅವರ ಜಾಳು ನೇಯ್ಗೆ ಮಳೆ ತಡೆಯುತ್ತದೆ. ಇದನ್ನು ನೇಕಾರರ ಎದುರು ಹೇಳಿ ನೋಡಿ, ಉರಿದುಬೀಳುತ್ತಾರೆ. ಬೀಳಲಿ. ನಾನು ಗಿಲ್ಲಿಸ್, ಇಪ್ಪತ್ತು ವರ್ಷ ತುಳಿದವನು. ನನ್ನ ತೊಟ್ಟಿಯ ಹಿರಿಯ ಮಾಸ್, ನನ್ನ ಹೆಂಡತಿಯ ಅಪ್ಪ, ನಲವತ್ತು ವರ್ಷ ತುಳಿದವನು.

ಫ್ರೆಂಚ್ ರಾಜನ ಕುದುರೆ ಸವಾರರು ಏರಿ ಬಂದ ಬೇಸಿಗೆಯಲ್ಲಿ ನಮ್ಮ ಪಟ್ಟಣದವರು ಹಳ್ಳದ ಪಕ್ಕದ ಹುಲ್ಲುಗಾವಲಿನಲ್ಲಿ ಸಾಲುಗಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬ ಎರಡಾಳುದ್ದದ ಈಟಿಯ ಬುಡವನ್ನು ನೆಲಕ್ಕೂರಿ, ಪಾದದಿಂದ ಅದುಮಿ, ಮೊನೆಯನ್ನು ಕುದುರೆಯ ಎದೆಗೆ ಹಿಡಿಯಬೇಕು. ಪಕ್ಕದವನು ತುದಿಯಲ್ಲಿ ಕಬ್ಬಿಣದ ಮುಳ್ಳಿರುವ ದಪ್ಪ ದೊಣ್ಣೆಯಿಂದ ಸವಾರನನ್ನು ಕೆಡವಬೇಕು. ಯಾರೇ ಒಂದು ಹೆಜ್ಜೆ ಹಿಂದಿಟ್ಟರೂ ಆ ಸಂದಿಯಲ್ಲಿ ಕುದುರೆ ನುಗ್ಗುತ್ತದೆ, ಇಡೀ ಸಾಲು ಮಣ್ಣುಪಾಲಾಗುತ್ತದೆ.

ನೇಕಾರರ ಮುಖಂಡ ಜೇಗರ್ ಮುಂದಿನ ಸಾಲು ತಮ್ಮದೇ ಎಂದ. “ನೀವು ಹಿಂದಿರಿ. ರೊಟ್ಟಿ ಹೊರೋಕೂ ಜನ ಬೇಕಲ್ಲ.”

“ನೆಲ ನೋಡಿದ್ಯಾ, ಜೇಗರಣ್ಣ?” ಎಂದ ಮಾಸ್. “ಬರೀ ಜೇಡಿ. ನಿಮ್ಮ ಜೋಡು ಜಾರುತ್ತೆ. ನಮಗಿದು ದಿನದ ಕೆಲಸ.”

“ನಿಮ್ಮ ವಾಸನೆಗೇ ಕುದುರೆ ಓಡಿಹೋದ್ರೆ ನಮಗೇನಪ್ಪ ಉಳಿಯುತ್ತೆ?”

ನೇಕಾರರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ ನಗು ನಿಲ್ಲುವವರೆಗೂ ಕಾದ.

“ನಮ್ಮಲ್ಲಿ ಒಬ್ಬ ಒಂದೇ ಒಂದು ಹೆಜ್ಜೆ ಹಿಂದಿಟ್ರೂ ನಮ್ಮ ಬಾವುಟ ನೀನೇ ಸುಟ್ಟುಹಾಕು. ಇಡ್ಲಿಲ್ಲ ಅಂದ್ರೆ, ಪಟ್ಟಣದ ಸಭೇಲಿ ನಮಗೂ ಒಂದು ಪೀಠ ಕೊಡ್ಬೇಕು.”

ಸಭೆಯಲ್ಲಿ ನಮ್ಮವರು ಇದುವರೆಗೆ ಬಾಗಿಲಾಚೆಯೇ ನಿಂತವರು. ಜೇಗರ್ ಎಲ್ಲರೆದುರು ಒಪ್ಪಿದ. ನನಗೆ ಎದೆಯುಬ್ಬಿತು. ನಾವು ಜೋಡು ಬಿಚ್ಚಿ ಎಸೆದು, ತೊಟ್ಟಿಯಲ್ಲಿ ತುಳಿಯುವಂತೆಯೇ ತುಳಿದು, ಕಣಕಾಲಿನವರೆಗೆ ಜೇಡಿಯಲ್ಲಿ ಪಾದ ಹೂತುಕೊಂಡು ನಿಂತೆವು. ಈಟಿ ಮಾಸ್‌ನದು, ಪಕ್ಕದಲ್ಲಿ ದೊಣ್ಣೆ ನನ್ನದು.

ಸವಾರರು ಬಂದಾಗ ನೆಲವೇ ನಡುಗಿತು. ಸುಳ್ಳೇಕೆ ಹೇಳಲಿ, ನನ್ನ ಹಿಮ್ಮಡಿ ಎದ್ದಿತು. ಅಷ್ಟರಲ್ಲಿ ಒಂದು ಕರಿ ಕುದುರೆ ಮಾಸ್‌ನ ಈಟಿಗೆ ಎದೆಗೊಟ್ಟು ಬಿತ್ತು. ಈಟಿ ಮುರಿಯಿತು. ಬೀಳುತ್ತಲೇ ಆ ಸವಾರ ಚಾಚಿದ ಭರ್ಜಿ ಮಾಸ್‌ನ ಎದೆಯಲ್ಲಿ ಇಳಿಯಿತು. ಅವನು ಮುರಿದ ಈಟಿಯ ಮೇಲೆ ಭಾರ ಬಿಟ್ಟು ಹಾಗೇ ನಿಂತ.

“ಹಿಮ್ಮಡಿ ಕೆಳಗಿಡೋ, ಅಳಿಯಾ,” ಎಂದ. ಅದೇ ಅವನ ಕೊನೆಯ ಮಾತು.

ಇಟ್ಟೆ. ಬಿದ್ದಲ್ಲಿಂದ ಏಳಹೊರಟ ಆ ಸವಾರನನ್ನು ದೊಣ್ಣೆಯಿಂದ ಬಡಿದೆ, ಅವನ ಹಿಂದೆ ಬಂದವನನ್ನು ಕೆಡವಿದೆ. ಮಧ್ಯಾಹ್ನದ ಹೊತ್ತಿಗೆ ಉಳಿದ ಕುದುರೆಗಳು ಹಳ್ಳ ದಾಟಿ ಓಡುತ್ತಿದ್ದವು. ಮಾಸ್‌ನ ಪಾದ ಮಾತ್ರ ಹೂತಲ್ಲೇ ಇತ್ತು.

ಆಮೇಲೆ ಜೇಗರ್ ಬಂದ. ನಮ್ಮ ಸಾಲಿನ ಹಿಂದಿನ ನೆಲವನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಅಲ್ಲಿ ಬರಿಗಾಲಿನ ಒಂದು ಗುರುತೂ ಇರಲಿಲ್ಲ. ಅವನ ಆಳುಗಳು ಮಾಸ್‌ನ ಕಂಕುಳಿಗೆ ಕೈಹಾಕಿ, ಹಿಂದೆ ನಿಂತ ಗಾಡಿಯತ್ತ ಎಳೆಯಹೊರಟರು.

ನಾನು ಅಡ್ಡ ನಿಂತೆ. “ಹಿಂದಕ್ಕೆ ಬೇಡ. ಬದುಕಿದ್ದಾಗ್ಲೇ ಹೋಗ್ಲಿಲ್ಲ ನಮ್ಮ ಮಾವ.”

ಜೇಗರ್ ಮಂಡಿಯೂರಿ, ಎರಡು ಕೈಯಿಂದ ಜೇಡಿ ತೋಡಿ ಮಾವನ ಪಾದ ಬಿಡಿಸಿದ. ಪಾದಗಳನ್ನು ತಾನೇ ಎತ್ತಿಕೊಂಡ, ಹೆಗಲು ನಾನು ಹಿಡಿದೆ, ಮುಂದಕ್ಕೆ ನಡೆದೆವು. ಎದುರಿಗೆ ಸತ್ತ ಕುದುರೆಗಳ ನಡುವೆ ನೇಕಾರರು ಗುಂಪುಗಟ್ಟಿದ್ದರು.

“ಪಕ್ಕಕ್ಕೆ ಸರೀರಪ್ಪ,” ಎಂದ ಜೇಗರ್, ಮಾವನತ್ತ ತಲೆಬಾಗಿಸಿ. “ಸಭೆಯ ಹಿರಿಯರು ಬರ್ತಿದ್ದಾರೆ.”