ಇರಣ್ಣನವರ ಪಾವತಿ

ಇರಣ್ಣನವರಿಗೆ ಪಾವತಿ ಎಂದರೆ ಪ್ರಾಣ. ಗದಗಿನ ಕಡೆಯವರಾದ ಅವರ ಬಾಯಲ್ಲಿ ಪಾವತಿ ಎಂದರೆ ರಸೀದಿ. ದುಡ್ಡು ಕೊಟ್ಟೆಯಾ, ಪಾವತಿ ಇಸಿದುಕೊಂಡು ಬಾ. ದುಡ್ಡು ಬಂತಾ, ಪಾವತಿ ಹರಿದು ಕೊಡು. ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ವಿಭಾಗದ ಮುಖ್ಯಸ್ಥರಾಗಿ ಅವರು ಇಷ್ಟು ವರ್ಷ ಪಾಲಿಸಿಕೊಂಡು ಬಂದ ಧರ್ಮ ಇಷ್ಟೇ. ಚಹಾ ತರಿಸಿದ್ದಕ್ಕೂ ಚೀಟಿ ಕೇಳುವ ಮಹಾನುಭಾವ ಎಂದು ಕೆಳಗಿನವರು ಆಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದರು. ಸಾಚಾ ಮನುಷ್ಯ ಎಂಬ ಹೆಸರು ಯಾರಿಗೂ ಬಿಟ್ಟಿಯಾಗಿ ಸಿಗುವುದಿಲ್ಲವಲ್ಲ.

ಆ ಹೆಸರಿನ ಬಲದ ಮೇಲೆಯೇ ೨೦೧೮ರ ಬೇಸಿಗೆಯಲ್ಲಿ ಅವರು ಮಹಾಲಕ್ಷ್ಮಿಯ ವಿಚಾರಣೆ ನಡೆಸಿದ್ದು. ಮಹಾಲಕ್ಷ್ಮಿ ಅಲ್ಲೇ ಪಕ್ಕದ ಹಳ್ಳಿಯ ನಲ್ಲಪ್ಪನ ಮಗಳು, ಬಿ.ಕಾಂ. ಮುಗಿಸಿ ಇವರ ಕೈಕೆಳಗೆ ಚಿಲ್ಲರೆ ಖರ್ಚಿನ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಸಣ್ಣಪುಟ್ಟ ಸಾಮಾನು ತರಿಸಲೆಂದು ಕಂಪನಿಯ ಆನ್‌ಲೈನ್ ಖಾತೆಯೊಂದನ್ನು ಅವಳ ಫೋನಿಗೆ ಜೋಡಿಸಿಕೊಟ್ಟಿದ್ದರು. ಒಂದು ಮಧ್ಯಾಹ್ನ ಬ್ಯಾಂಕಿನವನೆಂದು ಯಾರೋ ಫೋನ್ ಮಾಡಿ, ಖಾತೆ ಇವತ್ತೇ ಬಂದ್ ಆಗುತ್ತದೆಂದು ಹೆದರಿಸಿ, ಮೊಬೈಲಿಗೆ ಬಂದ ಒಟಿಪಿ ಕೇಳಿದ. ಇವಳು ಗಾಬರಿಯಲ್ಲಿ ಹೇಳಿಬಿಟ್ಟಳು. ಖಾತೆಯಲ್ಲಿದ್ದ ಹದಿನೆಂಟು ಸಾವಿರ ಹೋಯಿತು. ಹೋದ ಕೂಡಲೇ ಏದುಸಿರು ಬಿಡುತ್ತ ಇರಣ್ಣನವರ ಕೋಣೆಗೆ ಬಂದು, ನಡೆದದ್ದನ್ನೆಲ್ಲ ಹೇಳಿ ಅತ್ತಳು.

ಇರಣ್ಣನವರು ನಂಬಲಿಲ್ಲ. ಬೀಗದ ಕೈಯನ್ನು ತಾನಾಗಿ ಕಳ್ಳನಿಗೆ ಕೊಡುವವರು ಭೂಮಿಯ ಮೇಲೆ ಇದ್ದಾರೆಯೇ? ಇದ್ದರೆ ಆ ಕಳ್ಳ ಗುರುತಿನವನೇ ಇರಬೇಕು. ಹೀಗೆಂದು ಎಚ್.ಆರ್. ಅಧಿಕಾರಿಯ ಎದುರು ಅವಳ ಮುಖಕ್ಕೇ ಹೇಳಿದರು. ಉದ್ಯೋಗಿಯ ವಿವರಣೆ ನಂಬಲು ಅರ್ಹವಲ್ಲ ಎಂದು ವರದಿ ಬರೆದರು. ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿದುಕೊಳ್ಳುವುದೆಂದು ತೀರ್ಮಾನವಾಯಿತು. ಅಕೌಂಟ್ಸ್‌ನಿಂದ ಅವಳನ್ನು ಎತ್ತಿ ಡಿಸ್‌ಪ್ಯಾಚಿಗೆ ಹಾಕಿದರು. ಈಗ ಲಾರಿಗೆ ಏರುವ ಪೆಟ್ಟಿಗೆಗಳನ್ನು ಗುರುತು ಹಾಕಿಕೊಳ್ಳುವುದು ಅವಳ ಕೆಲಸ. ಕ್ಯಾಂಟೀನಿನಲ್ಲಿ ಅವಳಿಗೆ ಒಟಿಪಿ ಮಹಾಲಕ್ಷ್ಮಿ ಎಂದು ಹೆಸರು ಬಿತ್ತು. ಕೆಲವರು ಅಷ್ಟಕ್ಕೆ ನಿಲ್ಲಿಸದೆ, ಆ ದುಡ್ಡಿನಲ್ಲಿ ಏನು ಮಾಡಿಸಿಕೊಂಡೆ ಎಂದೂ ಕೇಳುತ್ತಿದ್ದರು. ಅವಳು ಡಬ್ಬಿ ತಂದು ಗೋಡೌನಿನ ಹಿಂದೆ ಒಬ್ಬಳೇ ಕೂತು ಉಣ್ಣತೊಡಗಿದಳು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಇರಣ್ಣನವರು ಮನೆಯ ಹಳೆಯ ಊಟದ ಮೇಜನ್ನು ಮಾರಲು ಹೊರಟರು. ಅವರದು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಅಪಾರ್ಟ್‌ಮೆಂಟು. ಹೆಂಡತಿ ಬಸಮ್ಮ ಹೊಸ ಮೇಜು ತರಿಸಿದ್ದರು, ಹಳೆಯದಕ್ಕೆ ಕಾಲಿಡಲೂ ಜಾಗವಿರಲಿಲ್ಲ. ಮಗಳು ಸೌಮ್ಯಾ ಅದರ ಫೋಟೋ ತೆಗೆದು, ಹಳೆಯ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ಅಪ್ಪನ ನಂಬರಿನೊಂದಿಗೆ ಹಾಕಿ ಗೆಳತಿಯ ಮನೆಗೆ ಹೋದಳು. ಅರ್ಧ ಗಂಟೆಯಲ್ಲೇ ಒಬ್ಬ ಫೋನ್ ಮಾಡಿದ. ಹರಕುಮುರುಕು ಕನ್ನಡದಲ್ಲಿ, ಆಫೀಸಿನವರು ಬೆಂಗಳೂರಿಗೆ ವರ್ಗ ಮಾಡಿದ್ದಾರೆ, ಮೇಜು ಬಹಳ ಇಷ್ಟವಾಯಿತು, ಹನ್ನೆರಡು ಸಾವಿರ ಈಗಲೇ ಹಾಕಿಬಿಡುತ್ತೇನೆ, ಸಂಜೆ ಟೆಂಪೋ ಕಳಿಸುತ್ತೇನೆ ಎಂದ. ಚೌಕಾಸಿಯೇ ಮಾಡದ ಗಿರಾಕಿ. ಇರಣ್ಣನವರಿಗೆ ಮನುಷ್ಯಕುಲದ ಮೇಲೇ ಪ್ರೀತಿ ಬಂತು.

ಫೋನಿನ ದುಡ್ಡಿನ ಆ್ಯಪನ್ನು ಅವರು ಹಟ ಹಿಡಿದು ಕನ್ನಡಕ್ಕೆ ಹಾಕಿಸಿಕೊಂಡಿದ್ದರು. ಇಂಗ್ಲಿಷೇ ಇರಲಿ ಅಪ್ಪಾ, ಈ ಕನ್ನಡ ಯಾರಿಗೂ ಅರ್ಥವಾಗುವುದಿಲ್ಲ ಎಂದು ಸೌಮ್ಯಾ ನಕ್ಕಿದ್ದಳು. ನಮ್ಮ ಭಾಷೆ ನಮಗೇ ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು ಎಂದು ಇವರು ದಬಾಯಿಸಿದ್ದರು. ಗಿರಾಕಿ ಫೋನಿಟ್ಟ ಕೂಡಲೇ ಆ ಆ್ಯಪಿನಲ್ಲಿ ಟಿಣ್ ಎಂದು ಸದ್ದಾಯಿತು. ತೆರೆದರೆ ಆ ಗಿರಾಕಿಯ ಹೆಸರು, ಹನ್ನೆರಡು ಸಾವಿರದ ಮೊತ್ತ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಪಾವತಿಸಿ ಎಂಬ ಗುಂಡಿ.

ದುಡ್ಡು ಬರುವುದಿದೆ, ಪಾವತಿ ಕೇಳುತ್ತಿದ್ದಾನೆ. ಕೇಳಬೇಕಾದದ್ದೇ. ಇಂಥ ಶಿಸ್ತಿನವರು ಈಗಿನ ಕಾಲದಲ್ಲಿ ಎಲ್ಲಿದ್ದಾರೆ ಎಂದುಕೊಂಡು ಇರಣ್ಣನವರು ಗುಂಡಿ ಒತ್ತಿದರು. ಗುಟ್ಟಿನ ಸಂಖ್ಯೆ ಕೇಳಿತು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕುವ ಗತ್ತಿನಲ್ಲಿ ಅದನ್ನೂ ಒತ್ತಿದರು. ಖಾತೆಯಿಂದ ಹನ್ನೆರಡು ಸಾವಿರ ಹೋಯಿತೆಂದು ಮೆಸೇಜು ಬಂತು. ಫೋನ್ ಮಾಡಿ ಕೇಳಿದರೆ ಅವನು ಇವರಿಗಿಂತ ಹೆಚ್ಚು ಗಾಬರಿಯಾದ. ಸರ್ವರು ಉಲ್ಟಾ ಹೊಡೆದಿದೆ ಸಾರ್, ಎರಡೂ ಸೇರಿಸಿ ಇಪ್ಪತ್ತನಾಲ್ಕು ಕಳಿಸುತ್ತೇನೆ, ಇನ್ನೊಮ್ಮೆ ಒತ್ತಿ ಎಂದ. ಇವರು ಇನ್ನೊಮ್ಮೆ ಪಾವತಿ ಹರಿದು ಕೊಟ್ಟರು. ಇಪ್ಪತ್ತನಾಲ್ಕೂ ಹೋಯಿತು. ಅವನ ಫೋನು ಸ್ವಿಚ್ ಆಫ್.

ಫೋನ್ ಹಿಡಿದುಕೊಂಡು ಇರಣ್ಣನವರು ಆ ಗುಂಡಿಯ ಮೇಲಿದ್ದ ಮಾತನ್ನೇ ನೆನೆದು ಕೂತರು. ಸರ್ಕಾರಿ ಕಾಗದದಲ್ಲಿ ಪಾವತಿಸು ಎಂದರೆ ದುಡ್ಡು ಕಟ್ಟು ಎಂದು ಅರ್ಥ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಅಂಥ ಕಾಗದಗಳನ್ನು ದಿನವೂ ನೋಡುತ್ತಿದ್ದರು. ಆದರೆ ಬೆರಳು ಊರಿನ ಅರ್ಥ ಹಿಡಿದು ನಡೆದಿತ್ತು. ಬೀಗದ ಕೈಯನ್ನು ಅವರು ತಾವಾಗಿ ಕಳ್ಳನಿಗೆ ಕೊಟ್ಟಿದ್ದರು, ಅದೂ ಎರಡು ಸಲ, ಅದೂ ಅವನನ್ನು ಮನಸ್ಸಿನಲ್ಲೇ ಹೊಗಳುತ್ತ. ಅವರಿಗೆ ಮೊದಲು ನೆನಪಾದವಳು ಮಹಾಲಕ್ಷ್ಮಿ. ನೆನಪಾದ ಕೂಡಲೇ ಮೈಯೆಲ್ಲ ಬಿಸಿಯಾಯಿತು.

ಬಸಮ್ಮ ಅಡುಗೆಮನೆಯಿಂದ ಬಂದು, ಯಾಕೆ ಹೀಗೆ ಕೂತಿದ್ದೀರಿ ಎಂದು ಕೇಳಿದರು. ನಿಜ ಹೇಳಲು ಬಾಯಿ ತೆರೆದದ್ದು ಹೌದು. ಹೊರಬಿದ್ದದ್ದು ಬೇರೆ.

“ನಾ ಏನೂ ಒತ್ತಿಲ್ಲ. ಖಾತೆದಾಗಿಂದ ರೊಕ್ಕ ತಾನ ಹೋಗೇತಿ.”

ಬಸಮ್ಮ ನಂಬಿದರು. ಕಳ್ಳರ ವಂಶಕ್ಕೆಲ್ಲ ಹಿಡಿಶಾಪ ಹಾಕಿ, ರೊಕ್ಕ ಹೋದರೆ ಹೋಯಿತು, ನೀವು ಬಿ.ಪಿ. ಏರಿಸಿಕೊಳ್ಳಬೇಡಿ ಎಂದು ನೀರು ತಂದುಕೊಟ್ಟರು. ಸಂಜೆ ಸೌಮ್ಯಾ ಬಂದವಳು, ಅಪ್ಪ ಎಂಥ ಎಚ್ಚರದ ಮನುಷ್ಯ, ಅವರ ಫೋನೇ ಹ್ಯಾಕ್ ಆಗಿದೆಯೆಂದರೆ ಯಾರೂ ಉಳಿಯುವುದಿಲ್ಲ ಎಂದಳು. ಇರಣ್ಣನವರು ಹೂಂ ಎಂದರು. ಒಮ್ಮೆ ಹೂಂ ಎಂದಮೇಲೆ ಆ ಸುಳ್ಳಿಗೆ ಕಾಲು ಬಂತು.

ಸೋಮವಾರ ಅದು ಬ್ಯಾಂಕಿಗೆ ನಡೆಯಿತು. ನನ್ನ ಅರಿವಿಗೆ ಬಾರದೆ ಹಣ ತೆಗೆಯಲಾಗಿದೆ ಎಂದು ದೂರು ಬರೆದುಕೊಟ್ಟರು. ಮ್ಯಾನೇಜರು ಕಾಫಿ ತರಿಸಿ, ನಿಮ್ಮಂಥವರಿಗೇ ಹೀಗಾದರೆ ಹೇಗೆ ಸಾರ್ ಎಂದು ಮರುಗಿದರು. ಅಲ್ಲಿಂದ ಸೈಬರ್ ಪೊಲೀಸರ ಬಳಿಗೆ. ಸಬ್ ಇನ್ಸ್‌ಪೆಕ್ಟರು ಎದ್ದು ಕುರ್ಚಿ ಎಳೆದುಕೊಟ್ಟರು. ಕೂರುವಾಗ ಇರಣ್ಣನವರಿಗೆ ತಾವು ಮಹಾಲಕ್ಷ್ಮಿಯನ್ನು ವಿಚಾರಣೆ ಮುಗಿಯುವ ತನಕ ನಿಲ್ಲಿಸಿಯೇ ಇಟ್ಟಿದ್ದು ನೆನಪಾಯಿತು. ಬೇಕೆಂದು ನಿಲ್ಲಿಸಿದ್ದಲ್ಲ. ಕೂತುಕೋ ಎನ್ನಬೇಕೆಂದು ಹೊಳೆದೇ ಇರಲಿಲ್ಲ. ಅದು ಇನ್ನೂ ಹೆಚ್ಚು ನಾಚಿಕೆಯ ಮಾತಾಗಿ ಕಂಡಿತು.

ಯಾರಾದರೂ ಒಬ್ಬರು ಅನುಮಾನಪಡಲಿ ಎಂದು ಅವರು ಕಾಯತೊಡಗಿದರು. ನೀವೇ ಏನೋ ಒತ್ತಿರಬೇಕು ಎಂದು ಒಬ್ಬರು ಗದರಿದ್ದರೆ ಸಾಕಿತ್ತು, ಎಲ್ಲವನ್ನೂ ಕಕ್ಕಿಬಿಡುತ್ತಿದ್ದರು. ಯಾರೂ ಅನ್ನಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ಸಮಾಧಾನ ಹೇಳಿದರು. ಎಚ್.ಆರ್. ವಿಭಾಗವಂತೂ ಸುತ್ತೋಲೆಯನ್ನೇ ಕಳಿಸಿತು. ನಮ್ಮ ಅತ್ಯಂತ ಜಾಗರೂಕ ಹಿರಿಯ ಸಹೋದ್ಯೋಗಿಯನ್ನೂ ಹ್ಯಾಕರುಗಳು ಬಿಟ್ಟಿಲ್ಲ, ಎಲ್ಲರೂ ಎಚ್ಚರವಾಗಿರಿ ಎಂದು. ಅದನ್ನು ನೋಟೀಸ್ ಬೋರ್ಡಿಗೂ ಅಂಟಿಸಿದರು. ಇರಣ್ಣನವರು ಆ ಗೋಡೆಯ ಕಡೆ ಮುಖ ತಿರುಗಿಸದೆ ಓಡಾಡಿದರು. ಕೆಲವು ದಿನಗಳಲ್ಲಿ ಬ್ಯಾಂಕು, ತನಿಖೆ ಮುಗಿಯುವ ತನಕ ಇರಲಿ ಎಂದು, ಮೂವತ್ತಾರು ಸಾವಿರವನ್ನೂ ಅವರ ಖಾತೆಗೆ ಮರಳಿ ಹಾಕಿತು. ಬಸಮ್ಮ ಆ ದಿನ ಗೋಧಿ ಹುಗ್ಗಿ ಮಾಡಿದರು. ಇರಣ್ಣನವರು ತಮ್ಮ ಬಟ್ಟಲನ್ನು ಸೌಮ್ಯಾಳ ಕಡೆ ಸರಿಸಿ ಎದ್ದರು.

ತಿಂಗಳ ಕೊನೆಗೆ ಸಂಬಳದ ಕಡಿತಗಳಿಗೆ ಅವರ ಸಹಿ ಬೇಕಿತ್ತು. ಮಹಾಲಕ್ಷ್ಮಿಯ ಹೆಸರು ಎಂದಿನಂತೆ ಇತ್ತು. ಹಿಂದಿನ ತಿಂಗಳುಗಳಲ್ಲಿ ಆ ಹೆಸರಿನ ಮೇಲೆ ಅವರ ಕಣ್ಣು ನಿಂತದ್ದೇ ಇಲ್ಲ. ಈ ಸಲ ಪೆನ್ನು ಮೇಲೇಳಲಿಲ್ಲ. ತಮ್ಮ ಬಗ್ಗೆ ಅವರಿಗೆ ಅಸಹ್ಯವಾಯಿತು. ಊಟದ ಹೊತ್ತಿಗೂ ಕದಲದೆ ಕೂತು ಅವರು ಎರಡು ಕಾಗದ ಬರೆದರು. ದೂರಿನಲ್ಲಿ ಹೇಳಿದ್ದು ಸುಳ್ಳು, ಗುಂಡಿ ಒತ್ತಿದವನು ನಾನೇ, ಹಣವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬ್ಯಾಂಕಿಗೊಂದು, ಅದರದೇ ಪ್ರತಿ ಪೊಲೀಸರಿಗೆ. ಮಹಾಲಕ್ಷ್ಮಿಯ ಬಗ್ಗೆ ನಾನು ಕೊಟ್ಟ ವರದಿ ತಪ್ಪು, ಹಿಡಿದುಕೊಂಡದ್ದನ್ನೆಲ್ಲ ಅವಳಿಗೆ ಮರಳಿಸಿ ಹಳೆಯ ಕೆಲಸಕ್ಕೇ ಕರೆದುಕೊಳ್ಳಬೇಕು ಎಂದು ಎಚ್.ಆರ್.ಗೆ ಇನ್ನೊಂದು. ಎರಡನ್ನೂ ಕಳಿಸಿಬಿಟ್ಟ ಮೇಲೆ ಮೈ ಹಗುರಾಯಿತು. ಎಷ್ಟೇ ಆಗಲಿ ತಾನು ಸಾಚಾ ಮನುಷ್ಯನೇ ಎಂದು ಹಳೆಯ ಹಿಗ್ಗು ಒಳಗಿನಿಂದ ಸಣ್ಣಗೆ ತಲೆಯೆತ್ತಿತು. ಆ ಹಿಗ್ಗಿನಲ್ಲೇ ಮಹಾಲಕ್ಷ್ಮಿಯನ್ನು ಕರೆಸಿದರು.

ಕೈಗೆ ಅಂಟಿದ್ದ ಮಾರ್ಕರಿನ ಮಸಿ ಒರೆಸಿಕೊಳ್ಳುತ್ತ ಅವಳು ಬಂದಳು. ಕರೆದದ್ದೇಕೆಂದು ತಿಳಿಯದೆ ಮುಖ ಬಿಳಿಚಿತ್ತು. ಈ ಸಲ ಅವರು ನೆನಪಿಟ್ಟು ಕೂತುಕೊಳ್ಳಲು ಹೇಳಿದರು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಎಚ್.ಆರ್.ಗೆ ಬರೆದದ್ದನ್ನು ತಿಳಿಸಿದರು. ಅವಳಿಗೆ ಸಂತೋಷವಾಗುತ್ತದೆ, ಬಹುಶಃ ಅಳುತ್ತಾಳೆ, ಆಗ ಏನು ಹೇಳಬೇಕು ಎಂದೂ ಯೋಚಿಸಿ ಇಟ್ಟುಕೊಂಡಿದ್ದರು. ಅವಳು ಅಳಲಿಲ್ಲ. ಈಗ ಯಾಕೆ ಹೀಗೆ ಬರೆದಿರಿ ಎಂದು ಕೇಳಿದಳು.

ಆಗ ಇರಣ್ಣನವರು ಹೇಳಿದರು. ಊಟದ ಮೇಜು, ಗಿರಾಕಿ, ಊರ ಕಡೆಯ ಪಾವತಿ, ಎರಡು ಸಲ ಒತ್ತಿದ್ದು, ಎಲ್ಲ. ಹೆಂಡತಿಗೆ, ಮಗಳಿಗೆ ಇನ್ನೂ ಹೇಳದೆ ಇದ್ದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಇವಳೆದುರು. ಹೇಳುವಾಗ ಮೇಜಿನ ಮೇಲಿನ ಕ್ಯಾಲ್ಕ್ಯುಲೇಟರನ್ನೇ ನೋಡುತ್ತಿದ್ದರು. ಅವಳು ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಕೇಳಿದಳು.

“ಬ್ಯಾಂಕ್ನೋರು, ಪೊಲೀಸ್ನೋರು ನಂಬುದ್ರಾ ಸಾರ್ ನಿಮ್ನ?”

“ನಂಬಿದ್ರು. ಎಲ್ಲಾರೂ ನಂಬಿದ್ರು.”

“ಏನಂತ ಏಳುದ್ರಿ ಅವ್ರ್‌ತಾವ?”

ಇರಣ್ಣನವರಿಗೆ ಹೇಳದೆ ವಿಧಿಯಿರಲಿಲ್ಲ.

“ಸುಳ್ಳು ಹೇಳಿದೆ, ತಾಯಿ.”

ಮಹಾಲಕ್ಷ್ಮಿ ತಲೆಯೆತ್ತಿ ಅವರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಇವರಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತಿತ್ತು. ಹೊರಗೆ ಲಾರಿಯವನು ಹಾರ್ನ್ ಮಾಡಿದ. ಲೋಡು ಕಾಯುತ್ತಿದೆ, ಹೋಗಲೇ ಎಂದು ಕೇಳಿ ಅವಳು ಎದ್ದಳು. ಬಾಗಿಲ ಹತ್ತಿರ ನಿಂತು, ತನಗೆ ತಾನೇ ಎಂಬಂತೆ ಹೇಳಿದಳು.

“ನಾನು ಇದ್ದಿದ್ ಇದ್ದಂಗೇ ಏಳಿದ್ದೆ ಸಾರ್.”

ಇರಣ್ಣನವರು ತಲೆಯೆತ್ತುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು.