ಹಕಾರದ ಪಾಠ

ನನ್ನ ಕಿವಿಯ ಮೇಲೆ ನನಗೆ ಬಹಳ ಜಂಬವಿತ್ತು. ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಹುಡುಗರಿಗೆ ಕನ್ನಡ ಕಲಿಸಿ, ನಿವೃತ್ತನಾಗಿ, ಐವತ್ತನಾಲ್ಕನೇ ಇಸವಿಯಲ್ಲಿ ತೆರಕಣಾಂಬಿಯ ದೀನಾಶ್ರಮಕ್ಕೆ ಮೇಲ್ವಿಚಾರಕನಾಗಿ ಬಂದವನು ನಾನು. ವರ್ತಕರಾದ ವೃಷಭೇಂದ್ರಪ್ಪನವರು ತಮ್ಮ ಹಳೆಯ ಉಗ್ರಾಣವನ್ನು ಬಿಟ್ಟುಕೊಟ್ಟು ನಡೆಸುತ್ತಿದ್ದ ಆಶ್ರಮ ಅದು. ಒಂದು ಹಜಾರ, ಎರಡು ಕೋಣೆ, ಎಂಟು ಜನ. ಮುದುಕರು, ಕಣ್ಣಿಲ್ಲದವರು, ಕಾಲು ಬಿದ್ದುಹೋದವರು. ಈ ಸೀಮೆಯವರ ಬಾಯಲ್ಲಿ ಹಕಾರವೇ ಇಲ್ಲ. ಹಾಲು 'ಆಲು', ಹಣ್ಣು 'ಅಣ್ಣು'. ಆರೇ ತಿಂಗಳಲ್ಲಿ, ಅವರು ನುಂಗಿದ ಹಕಾರವನ್ನು ನನ್ನ ಕಿವಿ ತಾನಾಗಿಯೇ ಸೇರಿಸಿಕೊಳ್ಳುವಷ್ಟು ಪಳಗಿತ್ತು. ಅಡುಗೆಯ ಈರಮ್ಮನ ಮಾತನ್ನಂತೂ ದಿನಕ್ಕೆ ಹತ್ತು ಸಲ ತಿದ್ದುತ್ತಿದ್ದೆ.

ಯುಗಾದಿ ಕಳೆದ ಮೇಲೆ ಪುಣಜನೂರಿನ ಬೀರಯ್ಯ ತನ್ನ ತಂಗಿಯನ್ನು ಹೊತ್ತುಕೊಂಡು ಬಂದ. ಹೆಸರು ಮರಿತಾಯಮ್ಮ, ವಯಸ್ಸು ಇಪ್ಪತ್ತೆಂಟು. ಚಿಕ್ಕಂದಿನ ಜ್ವರದಲ್ಲಿ ಕಾಲೆರಡೂ ಹೋಗಿದ್ದವು, ನಾಲಿಗೆ ದಪ್ಪವಾಗಿತ್ತು. ನಾಲ್ಕೈದು ಮಾತು ಬಿಟ್ಟರೆ ಬೇರೇನೂ ಬಾರದು. ಬೀರಯ್ಯ ಹೆಂಡತಿಯೊಂದಿಗೆ ವೈನಾಡಿನ ಕಾಫಿ ತೋಟಕ್ಕೆ ಹೊರಟಿದ್ದ. ನಡೆಯಲಾರದವರಿಗೆ ಅಲ್ಲಿನ ಕೂಲಿ ಲೈನಿನ ಸಾಲುಮನೆಗಳಲ್ಲಿ ಜಾಗ ಕೊಡುವುದಿಲ್ಲವಂತೆ.

"ಒಂದ್ ತಿಂಗ್ಳು ಮಡಿಕಳಿ ಮೇಷ್ಟ್ರೆ," ಎಂದ. "ಓಗೋಕೆ ಮುಂಚೆ ಬತ್ತೀನಿ. ನನ್ನ ಕೇಳ್ಕಂಡು ಅತ್ತಿದ್ರೆ ಕರ್ಕಂಡೋಯ್ತೀನಿ, ವೈನಾಡು ಬ್ಯಾಡವೇ ಬ್ಯಾಡ. ಕೇಳ್ದೆ ಇದ್ರೆ, ಇಲ್ಲೇ ಸುಕವಾಗವ್ಳೆ ಅಂದ್ಕತೀನಿ."

ಮಾರನೆಯ ಬೆಳಿಗ್ಗೆ ಗಂಜಿ ಮುಟ್ಟದೆ ಅವಳು ಬಾಗಿಲ ಕಡೆ ಕೈ ಚಾಚಿದಳು. "ಅಣ್ಣ... ಅಣ್ಣ." ಬಾಗಿಲ ಪಕ್ಕದಲ್ಲೇ ವೃಷಭೇಂದ್ರಪ್ಪನವರ ತೋಟದ ಬಾಳೆಗೊನೆ ತೂಗುತ್ತಿತ್ತು. ನಾನು ನಕ್ಕು ಒಂದು ಹಣ್ಣು ಕಿತ್ತು ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೈ ಚಾಚಿದಳು.

ಈರಮ್ಮ ಸೌಟು ಹಿಡಿದುಕೊಂಡೇ ಬಂದಳು. "ಮೇಷ್ಟ್ರೆ, ಅವ್ಳು ಕೇಳ್ತಿರಾದು ಅಣ್ಣಲ್ಲ..."

"ನೀನು ಮೊದಲು ಹಕಾರ ಕಲಿ, ಆಮೇಲೆ ನನಗೆ ಹೇಳುವೆಯಂತೆ," ಎಂದು ಗದರಿದೆ. ಅವಳು ಒಳಗೆ ಹೋದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ದಿನವೂ ಅವಳೆದುರು ಹಣ್ಣು ಹಿಡಿದು ಕೂತೆ. ಅವಳ ಅಂಗೈಯನ್ನು ನನ್ನ ಬಾಯಿಯ ಮುಂದೆ ಇಟ್ಟು, 'ಹ' ಎಂದು ಉಸಿರು ಬಿಟ್ಟು ತೋರಿಸಿದೆ. "ಹೀಗೆ ಅಂದರೆ ಕೊಡುತ್ತೇನೆ." ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹೆಣಗುತ್ತಿದ್ದಳು. ಹಣ್ಣಿಗಾಗಿ ಇಷ್ಟು ಅಳುವುದೇ ಎಂದು ಮರುಗುತ್ತಲೇ ಪಾಠ ಮುಂದುವರಿಸಿದೆ. ಅಣ್ಣನನ್ನು ತಂಗಿ ಅಣ್ಣ ಎಂದೇ ಕರೆಯುತ್ತಾಳೆ ಎಂಬುದು ಹೊಳೆಯದಷ್ಟು ದೊಡ್ಡ ಪಂಡಿತ ನಾನು. ಇಪ್ಪತ್ತು ದಿನಕ್ಕೆ ಅವಳಿಗೆ ಹಕಾರ ಬಂತು. ಅಂದು ಊರನ್ನೇ ಗೆದ್ದಷ್ಟು ಹಿಗ್ಗಿದೆ.

ತಿಂಗಳು ತುಂಬಿದ ದಿನ ಬೀರಯ್ಯ ಬಂದ. ಒಳಗೆ ಬರಲಿಲ್ಲ, ಗೇಟಿನಾಚೆಯೇ ನಿಂತ. "ಮಖ ನೋಡ್ಬುಟ್ರೆ ಓಗಕ್ಕಾಗಕಿಲ್ಲ ಮೇಷ್ಟ್ರೆ. ನನ್ನ ಕೇಳುದ್ಲಾ?"

"ಇಲ್ಲಪ್ಪ," ಎಂದೆ. "ಒಂದು ದಿನವೂ ಕೇಳಿಲ್ಲ. ಅವಳಿಗೆ ಬೇಕಾದ್ದು ಬರೀ ಬಾಳೆಹಣ್ಣು."

ಅವನ ದನಿ ಅವಳ ಕಿವಿಗೆ ಬಿದ್ದಿರಬೇಕು. ಹಜಾರದಿಂದ ಕೂಗು ಬಂತು, ನಾನು ಕಲಿಸಿದ ಹಾಗೆಯೇ, ಸ್ಪಷ್ಟವಾಗಿ. "ಹಣ್ಣಾ! ಹಣ್ಣಾ!"

"ನೋಡಿದೆಯಾ?" ಎಂದೆ.

ಬೀರಯ್ಯ ಬಸ್ಸು ನಿಲ್ಲುವ ಮರದಡಿಯ ಅಂಗಡಿಯಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಕೈಗಿಟ್ಟ. "ತಿನ್ಲಿ ಬುಡಿ. ನನ್ನ ಮರ್ತವ್ಳೆ, ಒಳ್ಳೇದೇ ಆಯ್ತು," ಎಂದು ಟವಲಿನಲ್ಲಿ ಮುಖ ಒರೆಸಿಕೊಂಡ. ಗುಂಡ್ಲುಪೇಟೆ ಬಸ್ಸು ಬಂತು, ಹತ್ತಿದ.

ನಾನು ಚಿಪ್ಪು ಹಿಡಿದು ಒಳಗೆ ಹೋದೆ. ಮರಿತಾಯಮ್ಮ ಚಾಪೆಯಿಂದ ತೆವಳಿಕೊಂಡು ಹೊಸ್ತಿಲ ತನಕ ಬಂದಿದ್ದಳು, ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಹಣ್ಣನ್ನು ಕೈಯಿಂದ ತಳ್ಳಿದಳು. "ಅಣ್ಣು ಬ್ಯಾಡ," ಎಂದಳು. ಗೇಟಿನ ಕಡೆ ಬೆರಳು ಮಾಡಿ ಮತ್ತೆ, "ಹಣ್ಣಾ!"

ಬಾಗಿಲಲ್ಲಿ ಈರಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. "ಅವ್ರಣ್ಣನ್ನ ಕೂಗ್ತಾವ್ಳೆ ಮೇಷ್ಟ್ರೆ. ಬಂದ್ ದಿನ್ದಿಂದ್ಲೂ ಅವನ್ನೇ ಕೂಗ್ತಿದ್ಲು."

ಓಡಿದೆ. ರಸ್ತೆಯಲ್ಲಿ ಧೂಳು ಮಾತ್ರ ಇತ್ತು. ವೈನಾಡಿನಲ್ಲಿ ಯಾವ ತೋಟ ಎಂದು ನಾನು ಕೇಳಿರಲಿಲ್ಲ. ಪುಣಜನೂರಿಗೆ ಎರಡು ಕಾಗದ ಬರೆದೆ. ಮನೆಗೆ ಬೀಗ ಎಂದು ಎರಡೂ ಹಿಂದಕ್ಕೆ ಬಂದವು.

ಇದಾಗಿ ನಾಲ್ಕು ವರ್ಷ. ಬಸ್ಸಿನ ಹಾರನ್ ಕೇಳಿದರೆ ಅವಳು ಈಗಲೂ ಹೊಸ್ತಿಲಿಗೆ ತೆವಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಬೇಡಿಕೊಳ್ಳುತ್ತೇನೆ: "ಹ ಬೇಡ ಕಣಮ್ಮ. ಅಣ್ಣ ಅನ್ನು, ಅಷ್ಟೇ ಸಾಕು." 'ಹ' ಇನ್ನೂ ಸರಿಯಾಗಿ ಬಂದಿಲ್ಲ, ಅದಕ್ಕೇ ಅಣ್ಣನನ್ನು ಕೊಡುತ್ತಿಲ್ಲ ಎಂದುಕೊಳ್ಳುತ್ತಾಳೋ ಏನೋ. ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು, ಇರುವ ಉಸಿರನ್ನೆಲ್ಲ ಕೂಡಿಸಿ, ಮೊದಲಿಗಿಂತ ಗಟ್ಟಿಯಾಗಿ 'ಹಣ್ಣಾ' ಎನ್ನುತ್ತಾಳೆ.